ನಾಲ್ಕು ಬೈಟಿಗೆ ನಾಲ್ಕು ಕೆಬಿ

ಲಿನಕ್ಸ್ ಇದ್ದರೆ ಒಂದು ಫೈಲಿನಲ್ಲಿ ಬರೀ ‘ಅ’ ಅಂತ ಬರೆದು, ಎಂಟರ್ ಒತ್ತಿ ಸೇವ್ ಮಾಡಿ. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8 ಪದ್ಧತಿಯಲ್ಲಿ ‘ಅ’ಗೆ 3 ಬೈಟ್, ಎಂಟರ್‌ಗೆ 1. ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ ಕಮಾಂಡನ್ನು (ls -l) ಕೇಳಿದರೆ 4 ಬೈಟ್ ಅನ್ನುತ್ತದೆ. ಡಿಸ್ಕಿನಲ್ಲಿ ಹಿಡಿದ ಜಾಗ ಹೇಳುವ ಡಿಯು (du) ಕೇಳಿದರೆ 4 ಕೆಬಿ! ಎರಡೂ ನಿಜವೇ. ಲಿನಕ್ಸ್‌ನಲ್ಲಿ ಡಿಸ್ಕಿನ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಅನ್ನುವ ಫೈಲ್‌ಸಿಸ್ಟಮ್ ಜಾಗ ಕೊಡುವುದು ಬ್ಲಾಕ್ ಲೆಕ್ಕದಲ್ಲಿ, ಒಂದು ಬ್ಲಾಕ್ ಅಂದರೆ ಸಾಮಾನ್ಯವಾಗಿ 4096 ಬೈಟ್. ಲಾಡ್ಜಿಗೆ ಒಬ್ಬರೇ ಹೋದರೂ ಇಡೀ ರೂಮಿನ ಬಾಡಿಗೆ ಕೊಡಬೇಕಲ್ವಾ, ಹಾಗೆ. ಅದೇ ಫೈಲಿಗೆ ವಿವರ ತೋರಿಸುವ ಸ್ಟ್ಯಾಟ್ (stat) ಕಮಾಂಡ್ ಓಡಿಸಿದರೆ 8 ಬ್ಲಾಕ್ ಅಂತ ತೋರಿಸುತ್ತದೆ. ಗಾಬರಿ ಬೇಡ, ಅದು ಎಣಿಸುವುದು 512 ಬೈಟಿನ ಹಳೇ ಲೆಕ್ಕದಲ್ಲಿ.

ಇಷ್ಟು ಬಹಳ ಜನರಿಗೆ ಗೊತ್ತು. ಕಾಡುವುದು ಇನ್ನೊಂದು ಲೆಕ್ಕ.

ಸರ್ವರ್ ನೋಡಿಕೊಳ್ಳುವ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿದ. “ಡಿಸ್ಕ್ ಮುಕ್ಕಾಲು ಭಾಗ ಖಾಲಿ ಇದೆ ಮಾರಾಯ, ಆದ್ರೂ ಜಾಗ ಇಲ್ಲ ಅಂತಿದೆ.”

“ಡಿಎಫ್‌ಗೆ ಮೈನಸ್ ಐ ಹಾಕಿ ನೋಡು.”

“ನೂರಕ್ಕೆ ನೂರು!”

ಡಿಎಫ್ (df) ತೋರಿಸುವುದು ಡಿಸ್ಕ್ ಎಷ್ಟು ತುಂಬಿದೆ ಅಂತ, ಮೈನಸ್ ಐ ಹಾಕಿದರೆ ಐನೋಡ್ ಅನ್ನುವುದು ಎಷ್ಟು ಖರ್ಚಾಗಿದೆ ಅಂತ. ಅವನ್ನೆಲ್ಲ ತಿಂದದ್ದು ವೆಬ್‌ಸೈಟಿನ ಸೆಷನ್ ಫೈಲುಗಳು, ಅಂದರೆ ಬಂದವರ ಗುರುತಿಗೆ ಸೈಟ್ ಬರೆದಿಡುವ ಫೈಲುಗಳು. ಒಂದೊಂದೂ ಒಂದು ಕೆಬಿ ಕೂಡ ಇಲ್ಲ, ಅಳಿಸುವವರೂ ಇಲ್ಲ.

ಪ್ರತಿ ಫೈಲಿಗೂ ಒಂದು ಐನೋಡ್ ಬೇಕು. ಯಾರ ಫೈಲು, ಯಾವಾಗ ಬದಲಾಯಿತು, ಅದರ ಬ್ಲಾಕುಗಳು ಎಲ್ಲಿವೆ ಅನ್ನುವುದೆಲ್ಲ ಇರುವುದು ಅದರಲ್ಲೇ. ಇಎಕ್ಸ್‌ಟಿ4ನಲ್ಲಿ ಎಷ್ಟು ಐನೋಡ್ ಅನ್ನುವುದು ಫಾರ್ಮ್ಯಾಟ್ ಮಾಡುವಾಗಲೇ ತೀರ್ಮಾನ. ಏನೂ ಹೇಳದಿದ್ದರೆ 16 ಕೆಬಿಗೆ ಒಂದು, ಅಂದರೆ 1 ಜಿಬಿಗೆ 65,536. ಈಗ ಲೆಕ್ಕ ಹಾಕಿ. ಅಷ್ಟೂ ಐನೋಡಿಗೆ 1 ಕೆಬಿಯ ಫೈಲು ತುಂಬಿಸಿದರೆ ಬ್ಲಾಕುಗಳು ಹಿಡಿಯುವುದು 256 ಎಂಬಿ. ಒಳಗಿರುವ ನಿಜವಾದ ಮಾಹಿತಿ 64 ಎಂಬಿ. ಮುಕ್ಕಾಲು ಜಾಗ ಸುಮ್ನೆ ಬಿದ್ದಿದೆ, ಹೊಸ ಫೈಲು ಮಾತ್ರ ಹುಟ್ಟುವುದಿಲ್ಲ.

ಡಿಸ್ಕ್ ದೊಡ್ಡದು ಮಾಡದೆ ಐನೋಡ್ ಹೆಚ್ಚಿಸಬೇಕೆಂದರೆ ಹೊಸದಾಗಿ ಫಾರ್ಮ್ಯಾಟ್ ಮಾಡುವುದೊಂದೇ ದಾರಿ. ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್‌ಸಿಸ್ಟಮ್‌ನಲ್ಲಿ ಈ ತಲೆನೋವು ಕಡಿಮೆ, ಅದು ಬೇಕಾದಾಗ ಐನೋಡ್ ಮಾಡಿಕೊಳ್ಳುತ್ತದೆ. ಗೆಳೆಯ ಹಳೇ ಸೆಷನ್‌ಗಳನ್ನು ಅಳಿಸಿ, ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಹಾಕಿ ಬಚಾವಾದ.

ಸಣ್ಣ ಫೈಲುಗಳೇ ಜಾಸ್ತಿ ಇರುವ ಡಿಸ್ಕಿಗೆ ನಾನು ಫಾರ್ಮ್ಯಾಟ್ ಮಾಡುವಾಗಲೇ ‘ನ್ಯೂಸ್’ ಅನ್ನುವ ಬಗೆ ಕೊಡುತ್ತೇನೆ, 4 ಕೆಬಿಗೆ ಒಂದು ಐನೋಡ್ ಸಿಗುತ್ತದೆ. ಹಳೇ ಚರ್ಚಾಜಾಲ ಯೂಸ್‌ನೆಟ್ ಕಾಲದ ಹೆಸರು ಅದು. ಸಿನಿಮಾ ತುಂಬಿಸುವ ಡಿಸ್ಕಿಗೆ ‘ಲಾರ್ಜ್‌ಫೈಲ್’, 1 ಎಂಬಿಗೆ ಒಂದು. ಒಂದು ಐನೋಡಿಗೆ 256 ಬೈಟ್ ಹೋಗುವುದರಿಂದ, 4 ಟಿಬಿ ಡಿಸ್ಕಿನಲ್ಲಿ ಇದೊಂದರಿಂದಲೇ 60 ಜಿಬಿಗೂ ಜಾಸ್ತಿ ಉಳಿಯುತ್ತದೆ.