ಅಡಿಕೆ ತೋಟದ ಲೆಕ್ಕ, ಅಮೆರಿಕದ ಫಾರ್ಮು

ತಮ್ಮನಿಗೆ ಅಮೆರಿಕದಲ್ಲಿ ಡಿಗ್ರಿ ಓದುವ ಆಸೆ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ, ಇಲ್ಲದಿದ್ದರೆ ಇಲ್ಲ. ಹೋದ ವರ್ಷ ಇದರ ಹಿಂದೆ ನಮ್ಮ ಮನೆಯಲ್ಲಿ ಆರು ತಿಂಗಳು ಕಳೆಯಿತು. ಶಿರಸಿ, ಸಿದ್ದಾಪುರ ಕಡೆಯ ಮಕ್ಕಳು ಯಾರಾದರೂ ಇದೇ ಯೋಚನೆಯಲ್ಲಿದ್ದರೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಮಾರ್ಕ್ಸು, ಇಂಗ್ಲಿಷ್ ಪರೀಕ್ಷೆ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಮಗೆ ಕಷ್ಟವಾಗಿದ್ದು ಮನೆಯ ದುಡ್ಡಿನ ಲೆಕ್ಕ ಬರೆಯುವುದು.

ಅಲ್ಲಿಯ ಬಹಳಷ್ಟು ಕಾಲೇಜುಗಳು ನೆರವು ಬೇಕು ಅನ್ನುವವರಿಂದ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಫಾರ್ಮು ತುಂಬಿಸುತ್ತವೆ. ಅದು ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಅಪ್ಪನ ಸಂಬಳ ಎಷ್ಟು, ಟ್ಯಾಕ್ಸ್ ಎಷ್ಟು ಕಟ್ಟಿದ್ದೀರಿ, ಆಸ್ತಿ ಎಷ್ಟು, ಸಾಲ ಎಷ್ಟು. ನಮ್ಮ ಅಪ್ಪನಿಗೆ ಸಂಬಳವೇ ಇಲ್ಲ. ಇರುವುದು ಎರಡು ಎಕರೆ ಅಡಿಕೆ ತೋಟ, ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ, ಚಿಕ್ಕಪ್ಪನ ಜೊತೆ ಹಿಸ್ಸೆ ಆಗಿಲ್ಲ, ಕೃಷಿ ಆದಾಯಕ್ಕೆ ನಮ್ಮ ದೇಶದಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲದ ಕಾರಣ ಅಪ್ಪ ಒಂದು ವರ್ಷವೂ ರಿಟರ್ನ್ ತುಂಬಿದವರಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಂತು ಅಂದರೆ ಆ ವರ್ಷದ ಲೆಕ್ಕವೇ ಬೇರೆ.

ರಾತ್ರಿ ಊಟ ಆದಮೇಲೆ ಅಪ್ಪನ ಹತ್ತಿರ ಕೇಳಿದೆ. "ಅದೆಲ್ಲಾ ಅವಕ್ಕೆ ಎಂತಕ್ಕೆ ಬೇಕು ಕೂಸೇ?" ಅಂದರು. ಎರಡು ದಿನ ಆ ಮಾತೇ ಎತ್ತಲಿಲ್ಲ. ಸಾಲದ ವಿಷಯ ಮಕ್ಕಳಿಗೆ ಗೊತ್ತಾಗುವುದು ಅವರಿಗೆ ಬೇಡವಾಗಿತ್ತು ಅಂತ ಆಯಿ ಆಮೇಲೆ ಹೇಳಿದಳು. ಮೂರನೇ ದಿನ ಅವರೇ ಸೊಸೈಟಿ ಪಾಸ್‌ಬುಕ್ಕು, ಮೂರು ವರ್ಷದ ಅಡಿಕೆ ಬಿಲ್ಲು ಎಲ್ಲ ತಂದು ಜಗುಲಿಯಲ್ಲಿ ಹರಡಿದರು. ಎಷ್ಟು ಬರುತ್ತದೆ, ಅದರಲ್ಲಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಕೂಲಿಗೆ ಎಷ್ಟು, ಕೊಳೆ ಔಷಧಿಯ ಮೈಲುತುತ್ತಕ್ಕೆ (ಕಾಪರ್ ಸಲ್ಫೇಟ್) ಎಷ್ಟು, ಬಡ್ಡಿಗೆ ಎಷ್ಟು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಅವತ್ತೇ.

ಇನ್ನೊಂದು ತೊಡಕಿತ್ತು. ಆದಾಯ ಪ್ರಮಾಣ ಪತ್ರದಲ್ಲಿ ಒಂದು ಅಂಕಿ, ಅಡಿಕೆ ಬಿಲ್ಲಿನಲ್ಲಿ ಅದಕ್ಕಿಂತ ಜಾಸ್ತಿ. ಸಣ್ಣ ಅಂಕಿಯನ್ನೇ ಹಾಕಿ ಅಂದವರು ಇದ್ದರು. ನಾವು ಎರಡನ್ನೂ ಕಳಿಸಿ, ಖರ್ಚು, ಸಾಲ ಎಲ್ಲ ಸೇರಿಸಿ ಒಂದು ಪುಟದ ಪತ್ರ ಬರೆದೆವು. ಸುಳ್ಳು ಬರೆದು ಮಗುವನ್ನು ಅಷ್ಟು ದೂರ ಕಳಿಸುವುದು ನನಗಂತೂ ಸರಿ ಕಾಣಲಿಲ್ಲ. ಆದರೆ ಒಂದು ತಪ್ಪು ಆಯಿತು. ಮೊದಲ ಕಾಲೇಜಿಗೆ ಪೂರ್ತಿ ತೋಟದ ಬೆಲೆ ಬರೆದು ಕಳಿಸಿಬಿಟ್ಟಿದ್ದೆವು, ಚಿಕ್ಕಪ್ಪನ ಪಾಲನ್ನೂ ಸೇರಿಸಿ.

ಕಾಲೇಜು ಆರಿಸುವಾಗ ಇದನ್ನು ನೋಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಥರದ ಕೆಲವೇ ಕೆಲವು ಕಡೆ ಹೊರದೇಶದ ಮಕ್ಕಳು ದುಡ್ಡು ಕೇಳಿದ್ದಾರಾ ಇಲ್ಲವಾ ಅಂತ ನೋಡದೆ ಸೀಟು ತೀರ್ಮಾನ ಮಾಡುತ್ತಾರೆ. ಉಳಿದ ಹೆಚ್ಚಿನ ಕಡೆ ನೀವು ಕೇಳುವ ಮೊತ್ತವೂ ಲೆಕ್ಕಕ್ಕೆ ಬರುತ್ತದೆ. ಹಾಗಂತ ಮೊದಲು ಬೇಡ ಅಂದು ಸೀಟು ಸಿಕ್ಕಮೇಲೆ ಕೇಳೋಣ ಅಂದುಕೊಳ್ಳಬೇಡಿ, ಬಹಳ ಕಾಲೇಜುಗಳಲ್ಲಿ ಆಮೇಲೆ ಕೊಡುವುದಿಲ್ಲ. ಅರ್ಜಿ ಶುಲ್ಕ ಕಟ್ಟಲು ಆಗದಿದ್ದರೆ ಮೇಲ್ ಮಾಡಿ ಕೇಳಿ. ನಮಗೆ ಎರಡು ಕಡೆ ಮನ್ನಾ ಮಾಡಿದರು.

ಒಂಬತ್ತನೇ ಕ್ಲಾಸಿನಿಂದ ಹನ್ನೆರಡರವರೆಗಿನ ಅಂಕಪಟ್ಟಿ ಬೇಕು. ನಮ್ಮಲ್ಲಿ ಹೈಸ್ಕೂಲು ಬೇರೆ, ಪಿಯು ಕಾಲೇಜು ಬೇರೆ. ಒಂಬತ್ತನೆಯದಕ್ಕೆ ಹಳೆಯ ಹೈಸ್ಕೂಲಿಗೇ ಹೋಗಬೇಕು, ದಸರಾ ರಜೆಗೆ ಮೊದಲೇ ಹೋಗಿ.

ಬಹಳ ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನ ಪ್ರಬಂಧಕ್ಕೆ 650 ಪದಗಳ ಮಿತಿ. ತಮ್ಮ ಮೊದಲು ನಾಯಕತ್ವದ ಬಗ್ಗೆ ಏನೇನೋ ಬರೆದಿದ್ದ, ಅವನ ದನಿಯೇ ಅದರಲ್ಲಿರಲಿಲ್ಲ. ಕೊನೆಗೆ ಬರೆದಿದ್ದು ಕೊಳೆ ಬಾರದಂತೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದನ್ನು. 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅದ್ದಿದ ಚಾಕುವಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅಜ್ಜ ಕಲಿಸಿದ್ದು, ಅದು ಯಾಕೆ ಹಾಗೆ ಅಂತ ಪಿಯು ಕೆಮಿಸ್ಟ್ರಿ ಓದುವಾಗ ಅವನಿಗೆ ಹೊಳೆದಿದ್ದು. ಅದನ್ನು ಓದಿ ನನಗೆ ಕಣ್ಣು ತುಂಬಿ ಬಂತು.

ಆರು ಕಡೆ ಹಾಕಿದ್ದ. ಐದು ಕಡೆ ಇಲ್ಲ ಅಂದರು. ಸೀಟು ಕೊಟ್ಟಿದ್ದು ಆ ತೋಟದ ಬೆಲೆ ತಪ್ಪಾಗಿ ಹೋದ ಕಾಲೇಜೇ. ವರ್ಷಕ್ಕೆ 9,000 ಡಾಲರ್ ಮನೆಯಿಂದ ಕೊಡಬೇಕು ಅಂತ ಬಂತು. ತಪ್ಪು ತಿಳಿಸಿ, ಪಹಣಿ ಕಳಿಸಿ ಮತ್ತೆ ಕೇಳಿದೆವು, ಸ್ವಲ್ಪ ಇಳಿಸಿದರು. ಆದರೂ ನಮ್ಮಿಂದ ಆಗುವ ಮೊತ್ತವಲ್ಲ. ಬೇಡ ಅಂತ ಬರೆದ ದಿನ ತಮ್ಮ ತೋಟಕ್ಕೆ ಹೋದವನು ಕತ್ತಲಾದರೂ ಬಂದಿರಲಿಲ್ಲ.

ಈಗ ಧಾರವಾಡದಲ್ಲಿ ಬಿಎಸ್ಸಿ ಓದುತ್ತಿದ್ದಾನೆ. ಜೊತೆಗೆ ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ಪಿಗೆ ತಯಾರಿ. ಅದರಲ್ಲಿ ಫೀಸು, ವಿಮಾನದ ಖರ್ಚು, ತಿಂಗಳ ಖರ್ಚಿಗೆ ದುಡ್ಡು ಎಲ್ಲ ಅವರದ್ದೇ, ಮೊದಲ ವರ್ಷ ಜಪಾನಿ ಭಾಷೆ ಕಲಿಸುತ್ತಾರೆ. ರಾಯಭಾರ ಕಚೇರಿಯ ಮೂಲಕ ಅರ್ಜಿ, ಆಮೇಲೆ ಲಿಖಿತ ಪರೀಕ್ಷೆ, ಸಂದರ್ಶನ. ಹಳೆಯ ಪ್ರಶ್ನೆ ಪತ್ರಿಕೆಗಳು ಆನ್‌ಲೈನಲ್ಲಿ ಸಿಗುತ್ತವೆ, ಗಣಿತ ಸುಲಭವಿಲ್ಲ ಅನ್ನುತ್ತಾನೆ.

ಅಡಿಕೆ ಆದಾಯದ ಪತ್ರ ನಾವು ಹೇಗೆ ಬರೆದೆವು ಅಂತ ಬೇಕಿದ್ದವರು ಕೇಳಿ. ಹೆಸರು ತೆಗೆದು ಕಳಿಸುತ್ತೇನೆ.