ತೆಳು ತಗಡಿನ ಪೆಟ್ಟಿಗೆ

ಕಾರಿನೊಳಗಿನ ಎಲೆಕ್ಟ್ರಾನಿಕ್ ಬೋರ್ಡನ್ನು ಜಾಸ್ತಿ ದಣಿಸುವುದು ಬಿಸಿ-ತಂಪಿನ ನಡುವಿನ ಓಡಾಟ. ಬೋರ್ಡು ಹಿಗ್ಗುವಷ್ಟು ಅದರ ಮೇಲಿನ ಸೆರಾಮಿಕ್ ಬಿಡಿಭಾಗ ಹಿಗ್ಗುವುದಿಲ್ಲ. ಎಳೆದಾಟವೆಲ್ಲ ನಡುವಿನ ಬೆಸುಗೆಗೆ. ಸಾವಿರಾರು ಸಲ ಹೀಗಾದರೆ ಬೆಸುಗೆ ಬಿರುಕು ಬಿಡುತ್ತದೆ. ಅದನ್ನು ಮೊದಲೇ ಕಂಡುಹಿಡಿಯಲು, ಬೋರ್ಡನ್ನು ಒಳಗಿಟ್ಟು ಬಿಸಿ-ತಂಪು ಮಾಡುವ ಪೆಟ್ಟಿಗೆಯೊಂದು ನಮಗೆ ಬೇಕಿತ್ತು. 125 ಡಿಗ್ರಿಯಿಂದ ಮೈನಸ್ 40ಕ್ಕೆ 10 ನಿಮಿಷದಲ್ಲಿ ಇಳಿಯಬೇಕು, ಅದೂ ನಾವು ಹೇಳಿದ ವೇಗದಲ್ಲೇ.

ಪುಣೆಯ ಭೋಸರಿಯಲ್ಲಿರುವ ಫ್ಯಾಬ್ರಿಕೇಶನ್ ಶೆಡ್ಡಿಗೆ ಡ್ರಾಯಿಂಗ್ ಹಿಡಿದು ಹೋದ ದಿನ ಜೋರು ಮಳೆ. ಅಲ್ಲಿನ ಹಿರಿಯ ವೆಲ್ಡರ್ ಗೋಕಾಕ ಕಡೆಯವರು, ಎಲ್ಲರಿಗೂ ಕಾಕಾ. ಒಳಗಿನ ಸ್ಟೇನ್‌ಲೆಸ್ ಸ್ಟೀಲ್ ತಗಡು 0.8 ಎಂಎಂ ಎಂದು ಓದಿ ನನ್ನ ಮುಖ ನೋಡಿದರು.

"ಎರಡು ಎಂಎಂ ಹಾಕೋಣ್ರಿ ಸರ. ಇದು ಭಾಳ ತೆಳು ಆತು."

ಡ್ರಾಯಿಂಗಿನ ಹಿಂಬದಿಯಲ್ಲೇ ಲೆಕ್ಕ ಮಾಡಿ ತೋರಿಸಿದೆ. ಒಳಗಡೆ ಎಲ್ಲ ಬದಿಯೂ 45 ಸೆಂಟಿಮೀಟರ್. 2 ಎಂಎಂ ಹಾಕಿದರೆ ಆರೂ ಮೈ ಸೇರಿ ಸುಮಾರು 20 ಕಿಲೋ. ಅಷ್ಟು ಸ್ಟೀಲನ್ನು 165 ಡಿಗ್ರಿ ಇಳಿಸಲು ಹತ್ತೂ ನಿಮಿಷ 2.75 ಕಿಲೋವಾಟ್ ಲೆಕ್ಕದಲ್ಲಿ ಶಾಖ ಹೊರಗೆಳೆಯಬೇಕು. ಪರೀಕ್ಷೆಗಿಡುವ, ಬೋರ್ಡು ಒಳಗಿರುವ ಒಂದು ಕಿಲೋ ಅಲ್ಯೂಮಿನಿಯಂ ಡಬ್ಬಿಗೆ ಸಾಕಾಗುವುದು ಬರೀ 0.25. ಕೂಲಿಂಗ್ ಮಷಿನ್ ದುಡಿದದ್ದೆಲ್ಲ ಗೋಡೆಯ ಪಾಲಾಯಿತು, ಅಲ್ವಾ?

ಕಾಕಾ ಸ್ವಲ್ಪ ಹೊತ್ತು ಲೆಕ್ಕವನ್ನೇ ನೋಡಿದರು. "ಹಂಗಾದ್ರ ತೆಳುನ ಇರ್ಲಿ. ಆದ್ರ ನಾಕೂ ಕಡೆ ಬಿಗಿದ್ರ ಡೊಂಕಾಗ್ತೈತ್ರಿ."

ನಿಜ. 45 ಸೆಂಟಿಮೀಟರ್ ಸ್ಟೀಲ್ ಅಷ್ಟು ಇಳಿತಕ್ಕೆ ಸುಮಾರು 1.25 ಎಂಎಂ ಕುಗ್ಗುತ್ತದೆ. ಮೂಲೆಗಳನ್ನು ಪೂರ್ತಿ ವೆಲ್ಡ್ ಮಾಡಿ, ಹೊರಗಿನ ಫ್ರೇಮಿಗೆ ಹಿಡಿಸುವ ಬೋಲ್ಟುಗಳಿಗೆ ಉದ್ದ ತೂತು ಕೊಡೋಣ ಎಂದು ಅವರೇ ದಾರಿ ಹೇಳಿದರು. ಪೆಟ್ಟಿಗೆ ಬೇಕಾದಷ್ಟು ಜರುಗಲಿ. ವೆಲ್ಡಿನಲ್ಲಿ ಮಾತ್ರ ಸಂದಿ ಇರಬಾರದು. ಶಾಖ ತಡೆಯಲು ಗೋಡೆಯ ಹಿಂದೆ ತುಂಬುವ ಗ್ಲಾಸ್‌ವುಲ್‌ಗೆ (ಗಾಜಿನ ಎಳೆಗಳ ಉಣ್ಣೆ) ತೇವ ಇಳಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಕೈಯಿಂದ ತಗಡು ಬಗ್ಗಿಸಿದವರ ಮಾತನ್ನು ಡಿಸೈನ್ ಮಾಡುವಾಗಲೇ ಕೇಳಬೇಕು, ಆಮೇಲಲ್ಲ.

ಸೆನ್ಸರ್ ಜಾಗದ ಬಗ್ಗೆ ನನಗೆ ಬಹಳ ಕಾಳಜಿ. ಗಾಳಿ ಮೈನಸ್ 40 ತೋರಿಸುವಾಗ ಡಬ್ಬಿಯೊಳಗಿನ ಬೋರ್ಡು ಇನ್ನೂ ಬೆಚ್ಚಗಿರಬಹುದು. ಗಾಳಿಯ ಗ್ರಾಫ್ ನೆಟ್ಟಗಿದ್ದು ಏನು ಬಂತು? ಅದಕ್ಕೇ ಥರ್ಮೋಕಪಲ್ (ತಾಪ ಅಳೆಯುವ ತಂತಿ-ಸೆನ್ಸರ್) ಬೋರ್ಡಿಗೇ ಅಂಟಿಸಿ, ಕಂಟ್ರೋಲರ್ ಅದನ್ನೇ ನೋಡಿ ನಡೆಯಬೇಕೆಂದು ಬರೆದೆ. ಗಾಳಿ ವಿಪರೀತ ತಣ್ಣಗಾಗದಂತೆ ಒಂದು ಮಿತಿ. ಫ್ಯಾನಿನ ಮೋಟಾರ್ ಹೊರಗೆ, ಶಾಫ್ಟ್ ಮಾತ್ರ ಒಳಗೆ.

ಉಳಿದದ್ದು ಬಾಗಿಲಿನ ಗ್ಯಾಸ್ಕೆಟ್. ಈ ಏರಿಳಿತಕ್ಕೆ ಮಾಮೂಲಿ ರಬ್ಬರ್ ನಡೆಯಲ್ಲ, ಸಿಲಿಕೋನೇ ಬೇಕು ಎಂದೆ. ಅಷ್ಟರಲ್ಲಿ ಕಾಕಾ ಅಂಗಡಿಗೆ ಫೋನ್ ಹಚ್ಚಿದ್ದರು.