ರಿಪೋರ್ಟ್ ಬರೋವರೆಗೆ

ಗಂಟು ಮೊದಲು ಕೈಗೆ ಸಿಕ್ಕಿದ್ದು ಇವ್ರಿಗೇ, ಶೇವ್ ಮಾಡ್ಕೋವಾಗ. ನೋವಿಲ್ಲ ಏನಿಲ್ಲ, ಶೀತಕ್ಕೆ ಬಂದಿರುತ್ತೆ ಬಿಡು ಅಂದ್ರು. ಆಮೇಲೆ ದಿನಾ ಸಂಜೆ ಮೈ ಬಿಸಿ, ರಾತ್ರಿ ಬೆವರಿ ಬನಿಯನ್ ಹಿಂಡೋ ಹಾಗೆ ಒದ್ದೆ, ಬೆಲ್ಟಿಗೆ ಹೊಸ ತೂತು. ಸ್ಕ್ಯಾನ್ ನೋಡಿದ ಡಾಕ್ಟರ್ ಎರಡು ಹೆಸರು ಹೇಳಿದ್ರು, ಒಂದು ಲಿಂಫೋಮಾ, ಅಂದ್ರೆ ಒಂಥರಾ ಕ್ಯಾನ್ಸರ್, ಇನ್ನೊಂದು ಟಿಬಿ. ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಎರಡರಲ್ಲೂ ಇರುತ್ತಂತೆ. ಸೂಜಿ ಹಾಕಿ ನೋಡಿದ್ರೆ ಸಾಲಲ್ವಾ ಅಂತ ಕೇಳ್ದೆ. ಲಿಂಫೋಮಾ ಆಗಿದ್ರೆ ಯಾವ ಥರದ್ದು ಅಂತ ಹೇಳೋಕೆ ಗಂಟಿನ ಒಳಗಿನ ರಚನೆ ಹಾಗೇ ಕಾಣ್ಬೇಕು, ಅದಕ್ಕೆ ಗಂಟನ್ನೇ ಪೂರ್ತಿ ತೆಗೀತೀವಿ ಅಂದ್ರು.

ಪರದೇಶ ಅನ್ನೋದು ಅವತ್ತು ನನಗೆ ನಿಜವಾಗ್ಲೂ ತಟ್ಟಿತು. ಫಾರ್ಮಲ್ಲಿ ತುರ್ತು ಸಂಪರ್ಕಕ್ಕೆ ಅಂತ ಎರಡು ಹೆಸರು ಕೇಳಿದ್ರು, ಒಂದು ನಂದು ಬರೆದೆ, ಇನ್ನೊಂದಕ್ಕೆ ಯಾರದ್ದು ಬರೀಬೇಕು ಅಂತ ತೋಚದೆ ಇವ್ರ ಆಫೀಸಿನವರೊಬ್ಬರ ನಂಬರ್ ಹಾಕಿದೆ. ಮನೇಲಿ ಹೇಳೋದು ಬೇಡ, ಅಷ್ಟು ದೂರದಲ್ಲಿ ಕೂತು ಅವರು ಏನ್ ತಾನೇ ಮಾಡ್ತಾರೆ, ರಿಪೋರ್ಟ್ ಬರ್ಲಿ ಅಂತ ಇಬ್ರೂ ಮಾತಾಡ್ಕೊಂಡಿದ್ವಿ.

ಆದ್ರೆ ಆಪರೇಷನ್‌ಗೆ ಮುಂಚೆ ಸೋಂಕುರೋಗದ ಡಾಕ್ಟರ್ ಬಂದು ಹುಟ್ಟಿದ್ದು ಎಲ್ಲಿ, ಮನೇಲಿ ಯಾರಿಗಾದ್ರೂ ಟಿಬಿ ಇತ್ತಾ ಅಂತ ಕೇಳಿದ್ರು. ಇವ್ರು ಇಲ್ಲ ಅಂದ್ರು. ನನಗೆ ಸಮಾಧಾನ ಆಗ್ಲಿಲ್ಲ, ಇವ್ರನ್ನ ಒಪ್ಪಿಸಿ ಅತ್ತೆಗೆ ಫೋನ್ ಹಚ್ಚಿದೆ. ಇಲ್ಲಿ ರಾತ್ರಿ, ಅಲ್ಲಿ ಆಗಷ್ಟೇ ಬೆಳಕು ಹರೀತಿತ್ತು.

"ಅತ್ತೆ, ನಮ್ಮನೇಲಿ ಹಿಂದೆ ಯಾರಿಗಾದ್ರೂ ಟಿಬಿ ಆಗಿತ್ತಾ?"

"ಯಾಕಮ್ಮ? ಅವನಿಗೇನಾಯ್ತು?"

ಮುಚ್ಚಿಡೋಕೆ ಆಗ್ಲಿಲ್ಲ, ಎಲ್ಲಾ ಹೇಳಿದೆ. ತುಂಬಾ ಹೊತ್ತು ಮಾತೇ ಇಲ್ಲ. ಆಮೇಲೆ, "ನಿಮ್ಮ ಮಾವನ ತಂದೆಗಿತ್ತು ಕಣಮ್ಮ. ಹೊರಗೆ ದಮ್ಮು ಅಂತ ಹೇಳ್ತಿದ್ವಿ. ಇವನು ತಾತನ ಪಕ್ಕ ಬಿಟ್ರೆ ಎಲ್ಲೂ ಮಲಗ್ತಿರ್ಲಿಲ್ಲ" ಅಂದ್ರು. ಅತ್ತೆ ಮೇಲೆ ನನಗೆ ಸಿಟ್ಟಿಲ್ಲ, ಆ ಕಾಲದಲ್ಲಿ ಕ್ಷಯ ಅಂದ್ರೆ ಹೆಣ್ಣು ಕೊಡೋಕೂ ತರೋಕೂ ಜನ ಹಿಂದೆಮುಂದೆ ನೋಡ್ತಿದ್ರು. ಆದ್ರೆ ಇಂಥ ವಿಷಯ ಮನೆ ಮಕ್ಕಳಿಗಾದ್ರೂ ಗೊತ್ತಿರ್ಲೇಬೇಕು, ಯಾಕಂದ್ರೆ ಟಿಬಿ ಬ್ಯಾಕ್ಟೀರಿಯಾ ಮೈಯೊಳಗೆ ಸೇರಿ ವರ್ಷಗಟ್ಟಲೆ ಏನೂ ಮಾಡದೆ ಸುಮ್ನಿದ್ದು ಯಾವಾಗಲೋ ಎದ್ದೇಳಬಹುದು, ಸೇರಿದವರಲ್ಲಿ ನೂರಕ್ಕೆ 5ರಿಂದ 10 ಜನಕ್ಕೆ ಮಾತ್ರ ಜೀವಮಾನದಲ್ಲಿ ಕಾಯಿಲೆ ಬರುತ್ತೆ ಅಂತಾರೆ, ಆ ಕೆಲವರಲ್ಲಿ ನಮ್ಮವರೇ ಇದ್ರೆ?

ಬೆಳಿಗ್ಗೆ ಡಾಕ್ಟರ್‌ಗೆ ತಾತನ ವಿಷಯ ಹೇಳಿದೆ. ಅವರು ತಕ್ಷಣ ಸರ್ಜನ್‌ಗೆ ಫೋನ್ ಮಾಡಿ, ಗಂಟಿನ ಒಂದು ತುಂಡನ್ನ, ಕೆಡದ ಹಾಗೆ ಇಡೋ ಫಾರ್ಮಲಿನ್‌ಗೆ ಹಾಕದೆ ಸಲೈನ್‌ನಲ್ಲಿ ಕಳಿಸಿ ಅಂತ ಇನ್ನೊಂದ್ಸಲ ಖಚಿತ ಮಾಡ್ಕೊಂಡ್ರು. ಫಾರ್ಮಲಿನ್‌ಗೆ ಬಿದ್ರೆ ಬ್ಯಾಕ್ಟೀರಿಯಾ ಸತ್ತೋಗುತ್ತೆ, ಆಮೇಲೆ ಕಲ್ಚರ್, ಅಂದ್ರೆ ಲ್ಯಾಬಲ್ಲಿ ಅದನ್ನ ಬೆಳೆಸಿ ನೋಡೋದು, ಆಗಲ್ಲ. ಮೈಕ್ರೋಸ್ಕೋಪಿನ ರಿಪೋರ್ಟ್ ಮೊದಲು ಬರುತ್ತೆ, ಕಲ್ಚರ್‌ಗೆ 6ರಿಂದ 8 ವಾರ ಹಿಡಿಬಹುದು ಅಂತ ಕೂರಿಸಿ ಬಿಡಿಸಿ ಹೇಳಿದ್ರು. ಅವತ್ತಿನ ಮಟ್ಟಿಗೆ ನನಗೆ ಅದೇ ದೊಡ್ಡ ಉಪಕಾರ, ಯಾವ ಉತ್ತರ ಯಾವಾಗ ಬರುತ್ತೆ ಅಂತ ಗೊತ್ತಾದ್ಮೇಲೆ ಪ್ರತಿ ಫೋನ್ ರಿಂಗಿಗೂ ಎದೆ ಝಲ್ಲೆನ್ನೋದು ನಿಂತಿತು.

ರಿಪೋರ್ಟ್ ಬಂದಿದ್ದು ಡಾಕ್ಟರ್ ಫೋನಿಗೂ ಮುಂಚೆ, ಮೊಬೈಲ್ ಆಪ್‌ನಲ್ಲಿ. ಇವ್ರು ತೆಗಿ ಅಂದ್ರು, ನಾನು ಬೇಡ ರೀ ಡಾಕ್ಟರೇ ಹೇಳ್ಲಿ ಅಂದೆ, ಕೊನೆಗೆ ಇಬ್ರೂ ಒಟ್ಟಿಗೇ ಓದಿದ್ವಿ. ಕ್ಯಾನ್ಸರಿನ ಲಕ್ಷಣ ಕಂಡಿಲ್ಲ, ಗ್ರಾನುಲೋಮಾ, ಅಂದ್ರೆ ರೋಗದ ವಿರುದ್ಧ ಹೋರಾಡೋ ಕಣಗಳ ಸಣ್ಣ ಗುಂಪು, ಇದೆ ಅಂತಿತ್ತು. ಗ್ರಾನುಲೋಮಾ ಬೇರೆ ಕಾಯಿಲೆಗಳಲ್ಲೂ ಇರುತ್ತೆ, ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕೋ ಪಿಸಿಆರ್ ಟೆಸ್ಟ್ ಪಾಸಿಟಿವ್ ಬಂದ್ಮೇಲೇ ಡಾಕ್ಟರ್ ಟಿಬಿ ಅಂತ ಹೇಳಿದ್ದು. ಗಂಡನಿಗೆ ಟಿಬಿ ಅಂತ ಕೇಳಿ ದೇವರಿಗೆ ಕೈ ಮುಗಿದೆ, ಫೋನಲ್ಲಿ ಅತ್ತೆನೂ ಅಳ್ತಾನೇ ಮುಗಿದ್ರು.

ಈಗ ಮಾತ್ರೆ ಶುರುವಾಗಿದೆ, ಮೊದಲ 2 ತಿಂಗಳು ನಾಲ್ಕು ಥರದ್ದು, ಆಮೇಲೆ 4 ತಿಂಗಳು ಎರಡು ಥರದ್ದು. ಮೂತ್ರ ಕೇಸರಿ ಬಣ್ಣಕ್ಕೆ ಬರುತ್ತೆ, ರಿಫಾಂಪಿಸಿನ್‌ನಿಂದ, ಹೆದರ್ಬೇಡಿ ಅಂತ ಮೊದಲೇ ಹೇಳಿದ್ರು. ಎಕ್ಸ್‌ರೇಲಿ ಶ್ವಾಸಕೋಶ ಸ್ವಚ್ಛ ಇದೆ, ಗಂಟಿನ ಟಿಬಿ ಹಾಗೆಲ್ಲ ಹರಡಲ್ಲ, ಆದ್ರೂ ನನ್ನದೂ ಮಗಳದೂ ರಕ್ತ ತಗೊಂಡಿದಾರೆ. ಕಲ್ಚರ್ ಇನ್ನೂ ಬಂದಿಲ್ಲ. ಈ ಮಾತ್ರೆಗಳಿಗೆಲ್ಲಾ ಬ್ಯಾಕ್ಟೀರಿಯಾ ಬಗ್ಗುತ್ತಾ ಇಲ್ವಾ ಅಂತ ಪೂರ್ತಿ ಗೊತ್ತಾಗೋದು ಅದು ಬಂದ್ಮೇಲೇ.